ಸಣ್ಣ ದೋಣಿಯ ಪೆಟ್ರೋಲ್ ಟ್ಯಾಂಕಿನ ಫಿಟ್ಟಿಂಗ್ ಸೋರುತ್ತಿದೆ, ಎಂ-ಸೀಲ್ ಹಚ್ಚಿದರೂ ನಿಲ್ಲುತ್ತಿಲ್ಲ. ಇನ್ನೂ ಬಿಗಿ ಮಾಡಲಾ?

ಬೇಡ ಮಾರಾಯ್ರೇ. ಮೊದಲು ಸ್ಪ್ಯಾನರ್ ಕೆಳಗಿಡಿ.

ನೀವು ಬರೆದಿದ್ದು ಇಷ್ಟು: ಹದಿನೆಂಟು ಅಡಿಯ ಫೈಬರ್ ದೋಣಿ, ಹಿಂದೆ ಹೊರಗಡೆ ಕೂರಿಸುವ ಔಟ್‌ಬೋರ್ಡ್ ಎಂಜಿನ್, ಸೀಟಿನ ಅಡಿಯಲ್ಲಿ 25 ಲೀಟರಿನ ಟ್ಯಾಂಕು. ಪೈಪ್ ಹೊರಡುವ ಹಿತ್ತಾಳೆ ನಿಪ್ಪಲ್ಲಿನ ಬುಡದಲ್ಲಿ ಪೆಟ್ರೋಲ್ ಜಿನುಗುತ್ತದೆ. ಎಂ-ಸೀಲ್ ಮೆತ್ತಿದಿರಿ, ನಾಲ್ಕು ದಿನ ನಿಂತಿತು, ಮತ್ತೆ ಶುರು. ಅದು ಎಂ-ಸೀಲಿನ ತಪ್ಪಲ್ಲ. ಪೆಟ್ರೋಲ್ ಪಸೆ ಇರುವ ಜಾಗಕ್ಕೆ ಹೊರಗಿನಿಂದ ಏನು ಮೆತ್ತಿದರೂ ಹಿಡಿಯುವುದಿಲ್ಲ. ಸೋರುವುದು ಒಳಗಿನ ಥ್ರೆಡ್ಡಿನಲ್ಲಿ, ಅಂದರೆ ತಿರುಪಿನ ಹಲ್ಲುಗಳಲ್ಲಿ. ಅದನ್ನು ಬಿಚ್ಚಿ ನೋಡದೆ ಬೇರೆ ದಾರಿ ಇಲ್ಲ.

ನನ್ನ ಕಥೆ ಹೇಳಿಬಿಡುತ್ತೇನೆ. ನಾನು ಗಂಗೊಳ್ಳಿ ಕಡೆಯವನು. ಹೊಳೆಯಲ್ಲಿ ಗಾಳ ಹಾಕಲು ಒಂದು ಸಣ್ಣ ದೋಣಿ ಇಟ್ಟುಕೊಂಡಿದ್ದೇನೆ. ಒಂದು ಮಳೆಗಾಲದಲ್ಲಿ ನಿಪ್ಪಲ್ ಹಳತಾಯಿತು ಅಂತ ಹಾರ್ಡ್‌ವೇರ್ ಅಂಗಡಿಯಿಂದ ಕಾಲು ಇಂಚಿನದು ತಂದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದಕ್ಕೆ ಕಚ್ಚಿಕೊಂಡಿತು. ಕಚ್ಚಿದ್ದನ್ನು ನೋಡಿ ನನಗೆ ಖುಷಿ, ಒಳ್ಳೆ ಬಿಗಿ ಕೂತಿದೆ ಅಂತ! ಆದರೂ ಜಿನುಗಿತು. ಬಿಚ್ಚಿ ಹತ್ತು ಹನ್ನೆರಡು ಸುತ್ತು ಟೆಫ್ಲಾನ್ ಟೇಪ್ ಸುತ್ತಿ, ಮೈಭಾರ ಹಾಕಿ ತಿರುಗಿಸಿದೆ. ಆಗಸ್ಟಿನಲ್ಲಿ ದೋಣಿ ಇಳಿಸಿ ಅಳಿವೆ ಬಾಗಿಲಿನ ಹತ್ತಿರ ಹೋಗುವಾಗ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಅಲೆ ಮುರಿಯುವ ಜಾಗ ಅದು. ಲಂಗರು ಹಾಕಿ ಕೂತೆ. ಅರ್ಧ ಗಂಟೆ ಬಿಟ್ಟು ಬಂದ ಒಂದು ನಾಡದೋಣಿಯವರು ಎಳೆದು ತಂದರು.

ಮೇಸ್ತ್ರಿ ಕಾರ್ಬ್ಯುರೇಟರ್ ಬಿಚ್ಚಿದರೆ ಸೂಜಿ ಕೂರುವಲ್ಲಿ ಬಿಳಿ ಎಳೆ. ಟೆಫ್ಲಾನ್ ಟೇಪಿನ ಚೂರು. ಟ್ಯಾಂಕ್ ಕಡೆ ನೋಡಿದರೆ ನಿಪ್ಪಲ್ ಕೂರುವ ಪ್ಲಾಸ್ಟಿಕ್ ಕಂಠದಲ್ಲಿ ಕೂದಲೆಳೆಯಷ್ಟು ಬಿರುಕು. "ಎಂತ ಮಾರಾಯಾ, ನಲ್ಲಿಯ ನಿಪ್ಪಲ್ ತಂದು ಪೆಟ್ರೋಲ್ ಟ್ಯಾಂಕಿಗೆ ಹಾಕುದಾ?" ಅಂದರು. ಆಮೇಲೆ ಹಳೆಯದನ್ನೂ ನನ್ನದನ್ನೂ ಬೆಳಕಿಗೆ ಎದುರು ಹಿಡಿದು, ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಕೂರಿಸಿ ತೋರಿಸಿದರು. ಮೊದಲ ಎರಡು ಮೂರು ಹಲ್ಲು ಕೂರುತ್ತವೆ. ಅಲ್ಲಿಂದ ಮುಂದೆ ಒಂದರ ಮೇಲೊಂದು ಹತ್ತುತ್ತಾ ಹೋಗುತ್ತವೆ, ನಡುವೆ ಬೆಳಕು ಕಾಣುತ್ತದೆ.

ವಿಷಯ ಏನೆಂದರೆ, ನಮ್ಮ ನಲ್ಲಿ ಸಾಮಾನಿನ ಥ್ರೆಡ್ಡು ಬಿಎಸ್‌ಪಿ ಎಂಬ ಬ್ರಿಟಿಷ್ ಅಳತೆಯದು. ಔಟ್‌ಬೋರ್ಡ್ ಟ್ಯಾಂಕುಗಳಲ್ಲಿ ಹೆಚ್ಚಾಗಿ ಬರುವುದು ಎನ್‌ಪಿಟಿ ಎಂಬ ಅಮೆರಿಕನ್ ಅಳತೆಯದು. ಕಾಲು ಇಂಚಿನ ಬಿಎಸ್‌ಪಿಗೆ ಇಂಚಿಗೆ 19 ಹಲ್ಲು, ಎನ್‌ಪಿಟಿಗೆ 18. ಹಲ್ಲಿನ ಕೋನವೂ ಬೇರೆ, ಒಂದಕ್ಕೆ 55 ಡಿಗ್ರಿ, ಇನ್ನೊಂದಕ್ಕೆ 60. ಕಣ್ಣಿಗೆ ಒಂದೇ ಥರ, ಕೈಗೂ ಮೊದಲು ಒಂದೇ ಥರ. ಕಚ್ಚಿಕೊಂಡರೆ ಅದು ಬಿಗಿಯಲ್ಲ, ಜಗಳ. ನಿಮ್ಮದೂ ಇದೇ ಇರಬಹುದು ಅಂತ ನನ್ನ ಅನುಮಾನ. ನಿಪ್ಪಲ್ ಬಿಚ್ಚಿದಾಗ ಮೊದಲ ಹಲ್ಲುಗಳು ಸರಿಯಿದ್ದು, ಮುಂದಿನವು ಹೊಳಪಾಗಿ ಜಜ್ಜಿ ಹೋಗಿದ್ದರೆ ಅನುಮಾನ ನಿಜ.

ಅದಕ್ಕೆ ಮುಂಚೆ ಸೋರುವುದು ಅಲ್ಲೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಪೆಟ್ರೋಲ್ ಹರಿದು ಬಂದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ, ಸೋರುವ ಜಾಗ ಮೇಲಿರಬಹುದು. ಪೆಟ್ರೋಲ್ ಮಟ್ಟ ತೋರಿಸುವ ಗೇಜಿನ ಅಡಿಯ ವಾಶರ್ ಇರಬಹುದು, ಗಾಳಿ ಕೊಳವೆ ಇರಬಹುದು. ಎಲ್ಲಾ ಒರೆಸಿ ಒಣಗಿಸಿ, ಸುತ್ತ ಸೀಮೆಸುಣ್ಣದ ಪುಡಿ ಉದುರಿಸಿ ಬಿಡಿ. ಮೊದಲು ಯಾವ ಕಡೆ ಪುಡಿ ಒದ್ದೆಯಾಗುತ್ತದೋ ಅದೇ ಜಾಗ. ಬಾಯಿತನಕ ತುಂಬಿಸುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಬಿಸಿಲಿಗೆ ಟ್ಯಾಂಕು 20 ಡಿಗ್ರಿ ಬಿಸಿಯಾದರೆ 25 ಲೀಟರ್ ಪೆಟ್ರೋಲ್ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ಅದು ಎಲ್ಲಿಂದಾದರೂ ಹೊರಗೆ ಬರಲೇಬೇಕಲ್ವಾ.

ಇನ್ನೊಂದು ಮಾತು. ಸೀಮೆಎಣ್ಣೆ ಸೋರಿದರೆ ಕಲೆ ಉಳಿಯುತ್ತದೆ, ಪೆಟ್ರೋಲ್ ಆರಿಹೋಗುತ್ತದೆ. ಹಾಗಾಗಿ ಸೋರಿಕೆ ಕಂಡದ್ದಕ್ಕಿಂತ ಯಾವಾಗಲೂ ಜಾಸ್ತಿ. ಆರಿದ್ದು ಗಾಳಿಯಲ್ಲಿ ಹೋಯಿತು ಅಂದುಕೊಳ್ಳಬೇಡಿ. ಆ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಬ್ಯಾಟರಿ ಟರ್ಮಿನಲ್ಲಿನ ಒಂದು ಕಿಡಿ ಸಾಕು. ಅದಕ್ಕೇ ಕೆಲಸ ದಡದಲ್ಲಿ, ಗಾಳಿ ಆಡುವ ಜಾಗದಲ್ಲಿ. ಸೀಟೆಲ್ಲಾ ತೆಗೆದು ಚೆನ್ನಾಗಿ ಗಾಳಿಯಾಡಿಸಿ, ವಾಸನೆ ಹೋದ ಮೇಲೆ ಬ್ಯಾಟರಿ ಬಿಚ್ಚಿ. ಬೀಡಿ, ಮೊಬೈಲು, ಡ್ರಿಲ್ಲು ಎಲ್ಲಾ ದೂರ.

ಪೆಟ್ರೋಲನ್ನು ಬಾಯಲ್ಲಿ ಎಳೆದು ತೆಗೆಯಬೇಡಿ. ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ, ಗೊತ್ತು. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಎಂಜಿನ್ ಪೈಪಿನಲ್ಲಿ ಕೈಯಿಂದ ಹಿಸುಕುವ ರಬ್ಬರ್ ಬಲ್ಬ್ ಇದೆಯಲ್ಲ, ಅದೇ ಪಂಪು. ಎಂಜಿನ್ ಕಡೆಯ ತುದಿ ಬಿಚ್ಚಿ ಪೆಟ್ರೋಲ್ ಕ್ಯಾನಿಗೆ ಇಳಿಬಿಟ್ಟು ಹಿಸುಕಿ. ಬಕೆಟ್ಟಿಗೆ ಬೇಡ. ಖಾಲಿಯಾದ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಒಳಗೆಲ್ಲಾ ಪೆಟ್ರೋಲ್ ಆವಿಯೇ. ಅದನ್ನು ದೋಣಿಯಿಂದ ಹೊರಗೆ ತೆಗೆದು, ಸೋಪಿನ ನೀರಿನಲ್ಲಿ ಎರಡು ಮೂರು ಸಲ ಕುಲುಕಿ ತೊಳೆದು ಒಣಗಿಸಿ.

ಬಿಚ್ಚುವಾಗ ಟ್ಯಾಂಕಿನ ಕಂಠವನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು ಇನ್ನೊಂದರಲ್ಲಿ ತಿರುಗಿಸಿ, ಇಲ್ಲದಿದ್ದರೆ ಕಂಠವೇ ತಿರುಚುತ್ತದೆ. ಥ್ರೆಡ್ಡಿನಲ್ಲಿ ಉಳಿದ ಹಳೆಯ ಟೇಪು, ಅಂಟು ಎಲ್ಲಾ ನೈಲಾನ್ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

ಈಗ ಟ್ಯಾಂಕು ಯಾವುದರದ್ದು ಅನ್ನುವುದರ ಮೇಲೆ ಮುಂದಿನದು. ನೀವು ಅದನ್ನು ಬರೆದಿಲ್ಲ.

ಅಲ್ಯುಮಿನಿಯಂ ಆದರೆ ಕಂಠದ ಸುತ್ತ ಬಿಳಿ ಹುಡಿ, ನಿಪ್ಪಲ್ಲಿನ ಮೇಲೆ ಹಸಿರು ಕಿಲುಬು ಕಾಣುತ್ತದಾ ನೋಡಿ. ಉಪ್ಪುನೀರಿನಲ್ಲಿ ಹಿತ್ತಾಳೆಯೂ ಅಲ್ಯುಮಿನಿಯಮ್ಮೂ ಒಂದನ್ನೊಂದು ಮುಟ್ಟಿಕೊಂಡಿದ್ದರೆ ಅಲ್ಯುಮಿನಿಯಂ ಸವೆಯುತ್ತದೆ. ಹೊಸ ಹಿತ್ತಾಳೆ ಹಾಕಿದರೆ ಎರಡು ವರ್ಷಕ್ಕೆ ಮತ್ತೆ ಇದೇ ಪಾಡು. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿ. ಥ್ರೆಡ್ ತಿಂದುಹೋಗಿದ್ದರೆ ವೆಲ್ಡಿಂಗ್ ಅಂಗಡಿಗೆ ಸುಮ್ನೆ ಹೊತ್ತುಕೊಂಡು ಹೋಗಬೇಡಿ. ತೊಳೆದ ಟ್ಯಾಂಕೂ ಸಿಡಿದದ್ದಿದೆ. ಪೆಟ್ರೋಲ್ ಟ್ಯಾಂಕನ್ನು ಶುದ್ಧ ಮಾಡಿ ವೆಲ್ಡ್ ಮಾಡುವುದು ಗೊತ್ತಿದ್ದವರ ಕೈಗೆ ಮಾತ್ರ ಕೊಡಿ.

ಪ್ಲಾಸ್ಟಿಕ್ ಆಗಿದ್ದು ಕಂಠ ಬಿರುಕು ಬಿಟ್ಟಿದ್ದರೆ, ಕ್ಷಮಿಸಿ, ಟ್ಯಾಂಕು ಹೋಯಿತು. ಈ ಟ್ಯಾಂಕುಗಳ ಪ್ಲಾಸ್ಟಿಕ್ಕಾದ ಪಾಲಿಎಥಿಲೀನಿಗೆ ಅಂಟು ಹಿಡಿಯುವುದಿಲ್ಲ. ನಾನು ಎರಡು ಬಗೆಯ ಅಂಟು ಪ್ರಯತ್ನಿಸಿ, ಕೊನೆಗೆ ಹೊಸ ಟ್ಯಾಂಕು ತಂದೆ.

ಕಂಠ ಸರಿ ಇದ್ದರೆ ಕೆಲಸ ಅರ್ಧ ಗಂಟೆಯದು. ಟ್ಯಾಂಕಿನ ಥ್ರೆಡ್ ಯಾವುದೆಂದು ಲೇತ್ ಅಂಗಡಿಯಲ್ಲಿ ಹಲ್ಲು ಅಳೆಯುವ ಗೇಜ್ ಹಿಡಿಸಿ ನೋಡಿ, ಅದೇ ಥ್ರೆಡ್ಡಿನ ನಿಪ್ಪಲ್ ತನ್ನಿ. ಟೇಪ್ ಬೇಡ. ಪೆಟ್ರೋಲಿಗೆ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ, ಗಟ್ಟಿಯಾಗದ ಥ್ರೆಡ್ ಸೀಲಂಟ್ ಪೇಸ್ಟ್ ಹಚ್ಚಿ. ಮೊದಲ ಎರಡು ಹಲ್ಲು ಖಾಲಿ ಬಿಡಿ, ಪೇಸ್ಟ್ ಒಳಗೆ ಬೀಳಬಾರದು. ಕೈಯಲ್ಲಿ ಆಗುವಷ್ಟು ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಲೋಹದ ಕಂಠಕ್ಕೆ ಒಂದೂವರೆ ಎರಡು ಸುತ್ತು, ಪ್ಲಾಸ್ಟಿಕ್ಕಿಗೆ ಒಂದು ಸುತ್ತಿಗಿಂತ ಹೆಚ್ಚು ಬೇಡ. ಎಲ್ಬೋ, ಅಂದರೆ ಬಾಗಿದ ಫಿಟ್ಟಿಂಗ್ ಆದರೆ ಮುಖ ಸರಿ ಬರಲಿ ಅಂತ ಹಿಂದೆ ತಿರುಗಿಸಬಾರದು. ತಿರುಗಿಸಿದರೆ ಬಿಚ್ಚಿ ಹೊಸದಾಗಿ ಪೇಸ್ಟ್ ಹಚ್ಚಿ.

ಕೆಲವು ಫಿಟ್ಟಿಂಗುಗಳಲ್ಲಿ ಥ್ರೆಡ್ ನೇರ ಇರುತ್ತದೆ, ತುದಿಗೆ ಸಣ್ಣಗಾಗುವುದಿಲ್ಲ. ಅದರಲ್ಲಿ ಸೋರಿಕೆ ತಡೆಯುವುದು ವಾಶರ್ ಅಥವಾ ಓ-ರಿಂಗ್. ಅಲ್ಲಿ ಪೆಟ್ರೋಲಿಗೆ ತಡೆಯುವ ನೈಟ್ರೈಲ್ ಅಥವಾ ವೈಟಾನ್ ರಬ್ಬರಿನದೇ ಬೇಕು. ಸೈಕಲ್ ಟ್ಯೂಬ್ ಕತ್ತರಿಸಿ ವಾಶರ್ ಮಾಡುವ ಬುದ್ಧಿ ನನಗೂ ಬಂದಿತ್ತು. ವಾರ ಬಿಟ್ಟು ತೆಗೆದರೆ ಉಬ್ಬಿ, ಜಾರಿ, ಹಲಸಿನ ತೊಳೆಯ ಹಾಗೆ ಕೈಗೆ ಬಂತು.

ಪೈಪನ್ನೂ ಒಂದು ಸಲ ಮಡಚಿ ನೋಡಿ. ಗೀರು ಬಿಟ್ಟರೆ, ಮುಟ್ಟಿದಾಗ ಕೈಗೆ ಅಂಟಿದರೆ ಬದಲಿಸಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಬೋಟಿನ ಪೈಪ್ ಅಂತ ಕೇಳಿ, ಮೇಲೆ ದೋಣಿಯ ಇಂಧನ ಪೈಪಿನ ಮಾನದಂಡವಾದ ಐಎಸ್‌ಒ 7840 ಎಂದು ಅಚ್ಚಾಗಿದ್ದರೆ ಕಣ್ಣುಮುಚ್ಚಿ ತನ್ನಿ. ಕ್ಲಿಪ್ಪು ಸ್ಟೇನ್‌ಲೆಸ್ಸಿನದು ಇರಲಿ.

ಪರೀಕ್ಷೆಗೆ ಕಂಪ್ರೆಸರ್ ಗಾಳಿ ಹಿಡಿಯಲೇಬೇಡಿ, ಟ್ಯಾಂಕು ಒಡೆಯುತ್ತದೆ. ಒಣಗಿದ ಖಾಲಿ ಟ್ಯಾಂಕಿನ ಉಳಿದ ಬಾಯಿಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಲ್ಲಿ ಐದಾರು ಒತ್ತು ಕೊಟ್ಟು, ನಿಪ್ಪಲ್ಲಿನ ಬುಡಕ್ಕೆ ಸೋಪಿನ ನೊರೆ ಹಚ್ಚಿ. ಗುಳ್ಳೆ ಬರದಿದ್ದರೆ ಟ್ಯಾಂಕನ್ನು ಅದರ ಜಾಗಕ್ಕೆ ಇಡಿ. ಐದು ಲೀಟರ್ ಹಾಕಿ, ಬಲ್ಬ್ ಗಟ್ಟಿಯಾಗುವ ತನಕ ಹಿಸುಕಿ, ಪೈಪಿನ ಕೂಡುಗಳನ್ನೂ ಹಾಗೇ ನೋಡಿ. ಬಲ್ಬ್ ಗಟ್ಟಿಯಾಗದೆ ಮೆತ್ತಗೇ ಉಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಹೊರಗೆ ಹನಿ ಕಾಣದೆಯೂ ಹೀಗಾಗುತ್ತದೆ. ಫುಲ್ ಸ್ಪೀಡಿನಲ್ಲಿ ಎಂಜಿನ್ ಸೊರಗುತ್ತದೆ.

ನಿಮ್ಮ ನಿಪ್ಪಲ್ ಟ್ಯಾಂಕಿನ ಬುಡದಲ್ಲಿದೆಯಾ, ಮೇಲಿದೆಯಾ? ಬುಡದಲ್ಲಿದ್ದರೆ, ಟ್ಯಾಂಕ್ ಬದಲಿಸುವ ಹೊತ್ತಿಗೆ ಮೇಲಿನಿಂದ ಕೊಳವೆ ಇಳಿದು ಎಳೆಯುವಂಥದ್ದು ತನ್ನಿ. ಅದು ಸೋರಿದರೂ ಟ್ಯಾಂಕು ಪೂರ್ತಿ ಖಾಲಿಯಾಗಿ ದೋಣಿಯ ತಳಕ್ಕೆ ಇಳಿಯುವುದಿಲ್ಲ.

ನಿಪ್ಪಲ್ ಬಿಚ್ಚಿದ ಮೇಲೆ ಒಂದು ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ಹಾಕಿ, ಹಲ್ಲು ಎಣಿಸಲು ಆಗುವ ಹಾಗೆ. ಟ್ಯಾಂಕು ಪ್ಲಾಸ್ಟಿಕ್ಕೋ ಅಲ್ಯುಮಿನಿಯಮ್ಮೋ ಅಂತಲೂ ಬರೆಯಿರಿ.