ಕ್ರೂಸ್ ಹಡಗು ಐರ್ಲೆಂಡಿನ ಕೋವ್‌ನಲ್ಲಿ ಒಂದು ದಿನ ನಿಲ್ಲುತ್ತದೆ, ಏನೇನು ನೋಡಬಹುದು?

ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಹಡಗು ಕೋವ್‌ನಲ್ಲಿರುತ್ತದೆ, ಜೊತೆಗೆ ಮಂಡಿನೋವಿರುವ ಅತ್ತೆಯವರಿದ್ದಾರೆ, ಎಲ್ಲರೂ ಸಸ್ಯಾಹಾರಿಗಳು, ಹಡಗಿನವರ ಬ್ಲಾರ್ನಿ ಕೋಟೆ ಟೂರ್ ತಗೊಳ್ಳೋದೋ ನಾವೇ ಸುತ್ತೋದೋ ಅಂತ ಕೇಳಿದ್ದೀರಿ. ನಾನಿರುವುದು ಕೋವ್ ಪಕ್ಕದ ಕಾರ್ಕ್ ನಗರದಲ್ಲಿ. ಊರಿಂದ ಬಂದ ಹಿರಿಯರನ್ನು ಇಲ್ಲೆಲ್ಲ ಕರೆದುಕೊಂಡು ಓಡಾಡಿದ್ದೇನೆ. ನನ್ನ ಮಾತು ಕೇಳುವುದಾದರೆ ಬ್ಲಾರ್ನಿ ಬಿಟ್ಟುಬಿಡಿ. ಮುತ್ತಿಟ್ಟರೆ ಮಾತುಗಾರಿಕೆ ಬರುತ್ತದೆ ಎಂದು ನಂಬುವ ಅಲ್ಲಿನ ಕಲ್ಲಿಗೆ ಮುತ್ತಿಡಲು ಇಕ್ಕಟ್ಟಾದ ಸುರುಳಿ ಮೆಟ್ಟಿಲು ಹತ್ತಿ, ಅಂಗಾತ ಮಲಗಿ, ತಲೆಯನ್ನು ಹಿಂದಕ್ಕೆ ಇಳಿಬಿಡಬೇಕು. ಅತ್ತೆಯವರು ಕೆಳಗೆ ತೋಟದಲ್ಲಿ ನಿಮಗಾಗಿ ಕಾಯುತ್ತ ಕೂರಬೇಕಾಗುತ್ತದೆ. ಅಷ್ಟು ಹೊತ್ತನ್ನು ಕೋವ್‌ಗೇ ಕೊಡಿ. ಎಷ್ಟೋ ಜನ ಹಡಗಿನಿಂದ ಇಳಿದವರೇ ಬಸ್ಸು ಹತ್ತಿ ಹೋಗಿಬಿಡುತ್ತಾರೆ, ಈ ಊರನ್ನು ನೋಡುವುದೇ ಇಲ್ಲ. ನನಗೆ ಅದು ನಿಜವಾಗಿಯೂ ಬೇಜಾರಿನ ಸಂಗತಿ.

ಹಡಗು ನಿಲ್ಲುವ ಕಟ್ಟೆಯ ಪಕ್ಕದಲ್ಲೇ ರೈಲು ನಿಲ್ದಾಣವಿದೆ. ಅದರ ಹಳೆಯ ಕಟ್ಟಡದಲ್ಲಿ ವಲಸೆಯ ಕಥೆ ಹೇಳುವ ಹೆರಿಟೇಜ್ ಸೆಂಟರ್ ಇದೆ. 1848ರಿಂದ 1950ರವರೆಗೆ ಐರ್ಲೆಂಡ್ ಬಿಟ್ಟು ಹೋದ ಸುಮಾರು 60 ಲಕ್ಷ ಜನರಲ್ಲಿ 25 ಲಕ್ಷದಷ್ಟು ಮಂದಿ ಹಡಗು ಹತ್ತಿದ್ದು ಈ ಊರಿನಿಂದ. ಹೊರಗೆ ಆನಿ ಮೂರ್ ಎಂಬ ಹುಡುಗಿಯ ಪ್ರತಿಮೆ ಇದೆ, ಜೊತೆಯಲ್ಲಿ ಇಬ್ಬರು ತಮ್ಮಂದಿರು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಮೊದಲು ಒಳಗೆ ಕಾಲಿಟ್ಟವಳು ಅವಳೇ. ನಿಮ್ಮ ಮಗ ಅಮೆರಿಕದಲ್ಲಿದ್ದಾನೆ ಅಂತ ಬರೆದಿದ್ದೀರಲ್ಲ, ಅತ್ತೆಯವರನ್ನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ.

ಅಲ್ಲಿಂದ ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ನಡೆದರೆ ಟೈಟಾನಿಕ್ ಹಡಗನ್ನು ನಡೆಸುತ್ತಿದ್ದ ವೈಟ್ ಸ್ಟಾರ್ ಲೈನ್ ಕಂಪನಿಯ ಹಳೆಯ ಟಿಕೆಟ್ ಕಚೇರಿ ಸಿಗುತ್ತದೆ. ಈಗ ಅದು ಟೈಟಾನಿಕ್ ಎಕ್ಸ್‌ಪೀರಿಯೆನ್ಸ್ ಎಂಬ ವಸ್ತುಸಂಗ್ರಹಾಲಯ. ಆಗ ಕ್ವೀನ್ಸ್‌ಟೌನ್ ಎಂದು ಕರೆಯುತ್ತಿದ್ದ ಈ ಊರೇ ಟೈಟಾನಿಕ್ ನಿಂತ ಕೊನೆಯ ಬಂದರು, 1912ರ ಏಪ್ರಿಲ್ 11ರಂದು. ಹಡಗು ದಡಕ್ಕೆ ಬರಲಿಲ್ಲ, ಬಂದರಿನ ಬಾಯಿಯಲ್ಲೇ ಲಂಗರು ಹಾಕಿತು. ಇಲ್ಲಿಂದ ಹೊರಟ 123 ಮಂದಿಯನ್ನು ಎರಡು ಸಣ್ಣ ಹಡಗುಗಳಲ್ಲಿ ಅಲ್ಲಿಗೆ ಮುಟ್ಟಿಸಿದರು. ಅವರಲ್ಲಿ 113 ಮಂದಿ ಮೂರನೇ ದರ್ಜೆಯವರು. ಒಳಗೆ ಹೋಗುವಾಗ ನಿಮ್ಮ ಕೈಗೆ ಆ 123ರಲ್ಲಿ ಒಬ್ಬರ ಹೆಸರಿರುವ ಬೋರ್ಡಿಂಗ್ ಕಾರ್ಡ್ ಕೊಡುತ್ತಾರೆ, ಅವರು ಬದುಕಿದರೋ ಇಲ್ಲವೋ ಅನ್ನುವುದು ಕೊನೆಯಲ್ಲಿ ಗೊತ್ತಾಗುತ್ತದೆ. ಕಟ್ಟಡದ ಹಿಂಬದಿಯಲ್ಲಿ ಅವರು ದೋಣಿ ಹತ್ತಿದ ಮರದ ಕಟ್ಟೆ ಇನ್ನೂ ಇದೆ. ಈಗ ಉಳಿದಿರುವುದು ನೀರಿನಿಂದ ಮೇಲೆದ್ದ ಕಪ್ಪು ಕಂಬಗಳು, ಅಷ್ಟೇ. ವಸ್ತುಸಂಗ್ರಹಾಲಯಕ್ಕಿಂತ ಆ ಕಂಬಗಳೇ ನನ್ನನ್ನು ಹೆಚ್ಚು ಕಲಕುತ್ತವೆ.

ಹತ್ತಿರದ ಚೌಕದಲ್ಲಿ ಲೂಸಿಟೇನಿಯಾ ಎಂಬ ಪ್ರಯಾಣಿಕ ಹಡಗಿನ ಸ್ಮಾರಕವಿದೆ. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿ ಆ ಹಡಗನ್ನು ಮುಳುಗಿಸಿದಾಗ ಸುಮಾರು 1,200 ಮಂದಿ ಸತ್ತರು. ಬದುಕಿದವರನ್ನೂ ಹೆಣಗಳನ್ನೂ ತಂದದ್ದು ಈ ಊರಿಗೆ. ನಮಗೂ ಈ ಕಡಲಿನೊಂದಿಗೆ ಒಂದು ದುಃಖದ ನಂಟಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಬಾಂಬ್ ಸ್ಫೋಟಕ್ಕೆ ಸಿಕ್ಕಿ ಬಿದ್ದದ್ದು ಐರ್ಲೆಂಡಿನ ನೈಋತ್ಯ ಕಡಲಲ್ಲಿ. 329 ಜನ ಹೋದರು, ಸಿಕ್ಕ ದೇಹಗಳನ್ನು ಕಾರ್ಕ್‌ನ ಆಸ್ಪತ್ರೆಗೆ ತಂದರು. ಅವರ ಸ್ಮಾರಕ ಇರುವ ಅಹಕಿಸ್ತಾ ಎಂಬ ಊರು ದೂರ, ಒಂದು ದಿನದಲ್ಲಿ ಆಗುವುದಿಲ್ಲ.

ಸೇಂಟ್ ಕೋಲ್ಮನ್ ಕ್ಯಾಥೆಡ್ರಲ್ ಗುಡ್ಡದ ಮೇಲಿದೆ, ಏರು ಕಡಿದು. ಟ್ಯಾಕ್ಸಿ ಮಾಡಿಕೊಳ್ಳಿ.

ಹನ್ನೊಂದೂವರೆಯ ಹೊತ್ತಿಗೆ ಕಾರ್ಕ್ ರೈಲು ಹಿಡಿಯಿರಿ. ಸುಮಾರು ಇಪ್ಪತ್ತೈದು ನಿಮಿಷದ ದಾರಿ. ಫೋಟಾ ದ್ವೀಪದ ಆಸುಪಾಸಿನಲ್ಲಿ ಹಳಿಯ ಪಕ್ಕದಲ್ಲೇ ನೀರು ಕಾಣುತ್ತದೆ, ಕಿಟಕಿ ಪಕ್ಕ ಕೂತರೆ ಒಳ್ಳೆಯದು. ಕೆಂಟ್ ನಿಲ್ದಾಣದಿಂದ ಪೇಟೆಗೆ ಕಾಲು ಗಂಟೆಯ ನಡಿಗೆ. ನೇರ ಇಂಗ್ಲಿಷ್ ಮಾರ್ಕೆಟ್‌ಗೆ ಹೋಗಿ. 1788ರಿಂದ ನಡೆಯುತ್ತಿರುವ ಮಾರುಕಟ್ಟೆ, ಭಾನುವಾರ ರಜೆ. ಒಂದು ಸಾಲಿನಲ್ಲಿ ಬರೀ ಮೀನು ಮಾಂಸ, ಅತ್ತೆಯವರಿಗೆ ವಾಸನೆ ಆಗದಿದ್ದರೆ ಪ್ರಿನ್ಸಸ್ ಸ್ಟ್ರೀಟ್ ಬಾಗಿಲಿನಿಂದ ಒಳಗೆ ಹೋಗಿ. ಅಲ್ಲಿ ಎರಕದ ಕಬ್ಬಿಣದ ಕಾರಂಜಿ ಇದೆ. ಚೀಸ್, ಆಲಿವ್, ಬ್ರೌನ್ ಸೋಡಾ ಬ್ರೆಡ್ ಸಿಗುತ್ತವೆ. ತರಕಾರಿ ಸೂಪ್ ತಗೊಳ್ಳುವುದಾದರೆ ಚಿಕನ್ ಸ್ಟಾಕ್ ಹಾಕಿದ್ದಾರಾ ಅಂತ ಕೇಳಿಯೇ ತಗೊಳ್ಳಿ.

ಕಾಲಲ್ಲಿ ಶಕ್ತಿ ಉಳಿದವರು ಶಾಂಡನ್‌ನ ಸೇಂಟ್ ಆನ್ಸ್ ಚರ್ಚಿಗೆ ಹೋಗಬಹುದು. 1722ರ ಚರ್ಚು. ಗೋಪುರದ ಎರಡು ಮುಖ ಕೆಂಪು ಮರಳುಗಲ್ಲು, ಇನ್ನೆರಡು ಬಿಳಿ ಸುಣ್ಣದಕಲ್ಲು. ಒಳಗೆ ಹಗ್ಗ ಎಳೆದು ಗಂಟೆಗಳನ್ನು ನೀವೇ ಬಾರಿಸಬಹುದು, ಊರಿಗೆಲ್ಲ ಕೇಳಿಸುತ್ತದೆ. ಮಕ್ಕಳಿದ್ದರೆ ಇದನ್ನು ತಪ್ಪಿಸಬೇಡಿ.

ಹಡಗು ಹೊರಡುವ ಎರಡು ಗಂಟೆ ಮೊದಲೇ ಕೋವ್‌ನಲ್ಲಿರಿ. ರೈಲು ಇಳಿದರೆ ಹಡಗು ಎದುರಿಗೇ ಇರುತ್ತದೆ. ಕೆಲವು ಹಡಗುಗಳನ್ನು ಕೋವ್ ಬದಲು ರಿಂಗಸ್ಕಿಡ್ಡಿ ಎಂಬ ಬೇರೆ ಕಟ್ಟೆಯಲ್ಲಿ ನಿಲ್ಲಿಸುತ್ತಾರೆ, ಹಾಗಾದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಅದನ್ನು ಏಜೆಂಟ್ ಹತ್ತಿರ ಕೇಳಿಕೊಳ್ಳಿ. ಹಾಗೇ ವೀಸಾ ಬಗ್ಗೆಯೂ. ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ಒಳಗೆ ಐರ್ಲೆಂಡ್ ಇಲ್ಲ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಟಿಕೆಟ್‌ಗೆ ಪೂರ್ತಿ ದುಡ್ಡು ಕಟ್ಟುವ ಮೊದಲೇ ಐರ್ಲೆಂಡ್ ಇಮಿಗ್ರೇಷನ್ ವೆಬ್‌ಸೈಟಿನಲ್ಲಿ ನಿಮ್ಮ ನಾಲ್ವರ ವಿಷಯವನ್ನೂ ಬೇರೆಬೇರೆಯಾಗಿ ನೋಡಿಕೊಳ್ಳಿ.