ಎರಡನೇ ಮಗುವಿನ ಜೀನ್ ‘ಸರಿ ಮಾಡಿಸಲು’ ಬಂದವರು

ನನ್ನ ಹತ್ತಿರ ಸಲಹೆಗೆ ಬಂದವರು ಶಿರಸಿ ಕಡೆಯ ಅಡಿಕೆ ತೋಟದ ದಂಪತಿ. (ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ.) ಆರು ವರ್ಷದ ಮಗಳಿಗೆ ಥಲಸ್ಸೇಮಿಯಾ ಮೇಜರ್, ಮೈಯಲ್ಲಿ ಸಾಕಷ್ಟು ರಕ್ತವೇ ಆಗದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಕರೆದೊಯ್ದು ರಕ್ತ ಹಾಕಿಸಬೇಕು, ಮೈಯಲ್ಲಿ ಕಬ್ಬಿಣದಂಶ ತುಂಬಿಕೊಳ್ಳದ ಹಾಗೆ ದಿನಾ ಮಾತ್ರೆ. ಅಪ್ಪ ಅಮ್ಮ ಇಬ್ಬರೂ ‘ಮೈನರ್’, ಅಂದರೆ ಕಾಯಿಲೆಯ ಜೀನ್ ಒಂದನ್ನಷ್ಟೇ ಹೊತ್ತವರು, ಅವರಿಗೇನೂ ತೊಂದರೆಯಿಲ್ಲ.

ಈಗ ಎರಡನೇ ಮಗು ಬೇಕು. ಗಂಡ ಮೊಬೈಲಿನಲ್ಲಿ ಒಂದು ವಿಡಿಯೊ ತೆರೆದು ಮುಂದೆ ಹಿಡಿದ. “ಹುಟ್ಟೂ ಮೊದ್ಲೇ ಜೀನ್ ಸರಿ ಮಾಡ್ತಾರಂತೆ ಮೇಡಂ. ತೋಟ ಅಡವಿಟ್ಟಾದ್ರೂ ಮಾಡಿಸ್ತೇನೆ.” ಜೊತೆಗೆ ಬಂದಿದ್ದ ಅವನ ತಾಯಿ, “ಹಂಗಾದ್ರೆ ಬಣ್ಣ, ಎತ್ತರನೂ ಕೇಳಿ ನೋಡು” ಎಂದರು. ತಮಾಷೆಗೇ ಅಂದಿದ್ದು. ಆದರೂ ಮಕ್ಕಳನ್ನು ಬೇಕಾದ ಹಾಗೆ ಮಾಡಿಸಿಕೊಳ್ಳುವ ಕಾಲ ಬಂದೀತೆಂದು ಪಂಡಿತರು ಗಂಟೆಗಟ್ಟಲೆ ಚರ್ಚಿಸುವ ಭಯ ಆ ಒಂದು ಮಾತಿನಲ್ಲೇ ಇತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಭ್ರೂಣದ ಜೀನ್ ತಿದ್ದಿ ಮಗು ಹುಟ್ಟಿಸಲು ನಮ್ಮ ದೇಶದಲ್ಲಿ ಅನುಮತಿಯಿಲ್ಲ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಅವಳಿ ಹೆಣ್ಣುಮಕ್ಕಳ ವಿಷಯದಲ್ಲಿ ಈ ಕೆಲಸ ಮಾಡಿ, ಮರುವರ್ಷ ಮೂರು ವರ್ಷದ ಜೈಲುಶಿಕ್ಷೆಗೆ ಗುರಿಯಾದ. ಆ ಮಕ್ಕಳ ತಂದೆಗೆ ಎಚ್‌ಐವಿ ಇತ್ತು; ಅದು ಮಕ್ಕಳಿಗೆ ತಗುಲದಂತೆ ತಡೆಯಲು ಅಲ್ಲಿಯೂ ಬೇರೆ ದಾರಿ ಇದ್ದೇ ಇತ್ತು. ತಿದ್ದಿದ್ದು ತಪ್ಪಾದರೆ ಆ ಮಕ್ಕಳ ಮಕ್ಕಳಿಗೂ ಹೋಗುತ್ತದೆ. ಅವರನ್ನು ಕೇಳಿದವರು ಯಾರು? 2023ರಲ್ಲಿ ಬ್ರಿಟನ್ ಒಪ್ಪಿದ ಥಲಸ್ಸೇಮಿಯಾ ಜೀನ್ ಚಿಕಿತ್ಸೆಯೇ ಬೇರೆ. ಅದರಲ್ಲಿ ತಿದ್ದುವುದು ರೋಗಿಯ ಮೈಯಲ್ಲಿ ರಕ್ತ ಹುಟ್ಟಿಸುವ ಆಕರಕೋಶವನ್ನು (ಸ್ಟೆಮ್ ಸೆಲ್) ಮಾತ್ರ, ಸಂತಾನಕ್ಕೆ ದಾಟುವುದಿಲ್ಲ. ವಿಡಿಯೊ ಎರಡನ್ನೂ ಕಲಸಿ ಇಟ್ಟಿತ್ತು.

ಇವರಿಗೆ ತಿದ್ದುಪಡಿಯ ಅಗತ್ಯವೂ ಇಲ್ಲ. ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಬರುವ ಸಾಧ್ಯತೆ ಶೇ 25. ಹನ್ನೊಂದು ವಾರ ದಾಟಿದ ಮೇಲೆ ಮಾಸುವಿನ ಚೂರು ತೆಗೆದು ಪರೀಕ್ಷಿಸಬಹುದು. ಹೆಣ್ಣೋ ಗಂಡೋ ಮಾತ್ರ ಯಾರೂ ಹೇಳುವಂತಿಲ್ಲ. ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸುವುದು) ಮಾಡಿಸಿ, ರೋಗವಿಲ್ಲದ ಭ್ರೂಣ ಆರಿಸಿಕೊಳ್ಳುವುದು ಇನ್ನೊಂದು ದಾರಿ. ಅದಕ್ಕೆ ಲಕ್ಷಗಟ್ಟಲೆ ಖರ್ಚು, ಬಸಿರು ನಿಂತೇ ನಿಲ್ಲುತ್ತದೆಂಬ ಖಾತ್ರಿಯಿಲ್ಲ. ತೋಟ ಅಡವಿಡುವ ಮಾತು ಇಲ್ಲೂ ಬೇಡ ಎಂದೆ.

ಹೆಂಡತಿ ಅಷ್ಟು ಹೊತ್ತೂ ಮಗಳ ಕೈಮೇಲಿನ ಬ್ಯಾಂಡೇಜಿನ ಅಂಚನ್ನು ಒತ್ತುತ್ತ ಕೂತಿದ್ದಳು. ಮಗುವನ್ನು ಅಜ್ಜಿಯ ಜೊತೆ ಹೊರಗೆ ಕಳಿಸಿದ ಮೇಲೆ ಬಾಯಿಬಿಟ್ಟಳು. “ನಾಳೆ ಇವ್ಳು ದೊಡ್ಡವ್ಳಾಗಿ, ನನ್ನಂಥವ್ಳು ಬ್ಯಾಡ ಅಂತ ಪರೀಕ್ಷೆ ಮಾಡ್ಸಿದ್ರಾ ಅಂದ್ರೆ ಎಂತ ಹೇಳೂದು?”

ನನ್ನ ಮಟ್ಟಿಗೆ ಅಸಲಿ ಪ್ರಕರಣ ಇದೇ. ಜೀನ್ ತಿದ್ದಿದರೂ ಈ ಪ್ರಶ್ನೆ ತಪ್ಪುತ್ತಿರಲಿಲ್ಲ. ಸೂಜಿ, ಹುಬ್ಬಳ್ಳಿ ಬಸ್ಸು, ಮಾತ್ರೆ ಇನ್ನೊಂದು ಮಗುವಿಗೆ ಬೇಡ ಅನ್ನಿಸುವುದು ಮಗಳನ್ನು ಬೇಡ ಅಂದಂತಲ್ಲ; ಈ ಮಾತನ್ನು ಅವಳಿಗೆ ಈಗಿನಿಂದಲೇ, ಅವಳಿಗೆ ತಿಳಿಯುವಷ್ಟೇ ಹೇಳುತ್ತ ಬನ್ನಿ ಎಂದೆ. ಪಾಪುವಿನ ಪರೀಕ್ಷೆಯನ್ನು ಅವಳಿಂದ ಮುಚ್ಚಿಡಬೇಡಿ. ಫಲಿತಾಂಶ ಕೆಟ್ಟದಾಗಿ ಬಂದರೆ ಏನು ಮಾಡುವುದೆಂಬ ಮಾತು ಪರೀಕ್ಷೆಗೆ ಮೊದಲೇ ಆಗಲಿ. ಗರ್ಭಪಾತಕ್ಕೆ ಕಾನೂನು ಕೇಳುವುದು ಹೆಂಡತಿಯ ಒಪ್ಪಿಗೆಯನ್ನು ಮಾತ್ರ ಎಂದು ಗಂಡನಿಗೆ ಎರಡು ಸಲ ಹೇಳಿದೆ. ಅವಳು ಗರ್ಭಪಾತ ಬೇಡವೆಂದರೆ ಆ ಮಗುವನ್ನು ಸಾಕುವ ತಯಾರಿಯೂ ಬೇಕಲ್ಲ.

ಅವರಿನ್ನೂ ಏನೂ ತೀರ್ಮಾನಿಸಿಲ್ಲ, ನಾನೂ ಅವಸರಪಡಿಸಿಲ್ಲ. ಗಂಡನ ತಂಗಿಗೆ ಮದುವೆ ಮಾತುಕತೆ ನಡೆದಿದೆಯಂತೆ. ಅವಳೂ ‘ಮೈನರ್’ ಇರಬಹುದು; ಜಾತಕ ಕೊಡುವ ಮೊದಲು ಅದನ್ನು ತಿಳಿಸುವ ಎಚ್‌ಬಿಎ2 ರಕ್ತಪರೀಕ್ಷೆ ಮಾಡಿಸಿ ಎಂದು ಚೀಟಿ ಬರೆದುಕೊಟ್ಟಿದ್ದೇನೆ.