ಸ್ಲ್ಯಾಶ್ 22 ಅಂತ ಬರೆದರೆ ಡೇಟಾಬೇಸ್‌ಗೆ ತಿಳಿಯಲ್ಲ

ಪ್ರಶ್ನೆ (ಗಂಗಾವತಿಯ ರೈಸ್‌ಮಿಲ್ ಆಫೀಸಿನಿಂದ): ನಮ್ಮ ಪೋಸ್ಟ್‌ಫಿಕ್ಸ್ (ಇಮೇಲ್ ಪಡೆದು ಕಳಿಸೋ ತಂತ್ರಾಂಶ) ಸರ್ವರ್‌ಗೆ ಒಂದೇ ರೇಂಜ್‌ನಿಂದ, ಅಂದರೆ ಒಂದೇ ಸಾಲಿನ ಐಪಿ ವಿಳಾಸಗಳಿಂದ, ಸ್ಪ್ಯಾಮ್ ಸುರಿಯುತ್ತಿದೆ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಟೇಬಲ್‌ನಲ್ಲಿ 10.20.4.0/22 (10.20.4.0ರಿಂದ 10.20.7.255ರವರೆಗಿನ ವಿಳಾಸಗಳು) ಅಂತ ಹಾಕಿ, ಪಕ್ಕದಲ್ಲಿ ರಿಜೆಕ್ಟ್ ಬರೆದಿದ್ದೇನೆ. ಒಂದು ಇಮೇಲೂ ನಿಲ್ಲುತ್ತಿಲ್ಲ. (ವಿಳಾಸ ಬದಲಿಸಿದ್ದು ಉತ್ತರ ಬರೆಯುವ ನಾನು.)

ಹೇಗೆ ನಿಲ್ಲುತ್ತೆ ಸ್ವಾಮಿ? ಇದೇ ಪ್ರಶ್ನೆ ರಾಯಚೂರಿಂದ, ಬಳ್ಳಾರಿಯಿಂದ ಬರುತ್ತಲೇ ಇದೆ, ಅದಕ್ಕೇ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಮೇಲ್ ಬಂದಾಗ ಪೋಸ್ಟ್‌ಫಿಕ್ಸ್ ಟೇಬಲ್‌ನಲ್ಲಿ ಮೊದಲು ಹೋಸ್ಟ್ ಹೆಸರು (ಕಳಿಸಿದ ಯಂತ್ರದ ಹೆಸರು) ಕೇಳುತ್ತೆ, ಆಮೇಲೆ ಅದರ ಪೂರ್ತಿ ವಿಳಾಸ, ಉದಾಹರಣೆಗೆ 10.20.6.9, ಸಿಗದಿದ್ದರೆ 10.20.6, ಆಮೇಲೆ 10.20, ಕೊನೆಗೆ ಬರೀ 10. ನಿಮ್ಮ ಸ್ಲ್ಯಾಶ್ ಇರೋ ಸಾಲನ್ನು ಅದು ಕೇಳೋದೇ ಇಲ್ಲ.

ಇದೊಂದೇ ರೇಂಜ್ ಆದರೆ 10.20.4ರಿಂದ 10.20.7ರವರೆಗೆ ನಾಲ್ಕು ಸಾಲು ಹಾಕಿ, ಮುಗೀತು. ಹತ್ತಿಪ್ಪತ್ತು ರೇಂಜ್ ಇದ್ದರೂ ಡೇಟಾಬೇಸ್ ಬೇಡ, ಸಿಐಡಿಆರ್ ಫೈಲ್ (ಸ್ಲ್ಯಾಶ್ ಇರೋ ರೇಂಜ್‌ಗಳನ್ನು ಹಾಗೇ ಬರೆಯಬಹುದಾದ ಪಟ್ಟಿ) ಸಾಕು, ಬದಲಿಸಿದಾಗ ರೀಲೋಡ್ ಕೊಡಿ. ದಿನಾ ಬದಲಾಗುವ ಪಟ್ಟಿ, ಎರಡು ಮೂರು ಸರ್ವರ್ ಇದ್ದರೆ ಮಾತ್ರ ಡೇಟಾಬೇಸ್. ಆಗ ರೇಂಜಿನ ಮೊದಲ ಮತ್ತು ಕೊನೆಯ ವಿಳಾಸವನ್ನು ಸಂಖ್ಯೆಯಾಗಿ ಇಡಿ. ನಿಮ್ಮದು 169083904ರಿಂದ 169084927. ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆಯಲ್ಲಿ) ಬಂದ ವಿಳಾಸವನ್ನು ಇನೆಟ್ ಏಟಾನ್ (INET_ATON) ಅನ್ನೋ ಫಂಕ್ಷನ್‌ನಿಂದ ಸಂಖ್ಯೆ ಮಾಡಿ, ಇವೆರಡರ ನಡುವೆ ಇದೆಯಾ ಅಂತ ನೋಡಿ. ಕಾಲಂ ಅನ್‌ಸೈನ್ಡ್ (ಮೈನಸ್ ಸಂಖ್ಯೆ ಇಲ್ಲದ್ದು) ಇರಲಿ, ಇಲ್ಲದಿದ್ದರೆ 2147483647ರ ಮೇಲೆ, ಅಂದ್ರೆ 128 ಅಥವಾ ಅದಕ್ಕಿಂತ ದೊಡ್ಡ ಅಂಕೆಯಿಂದ ಶುರುವಾಗೋ ವಿಳಾಸಗಳು ಹಿಡಿಸಲ್ಲ.

ಎಲ್ಲರೂ ಎಡವೋ ಜಾಗ ಇನ್ನೊಂದಿದೆ. ಪೋಸ್ಟ್‌ಫಿಕ್ಸ್ ಮೊಟಕು ಮಾಡಿ ಕಳಿಸೋ 10.20.6 ಅನ್ನು ಮೈಎಸ್‌ಕ್ಯೂಎಲ್ 10.20.0.6 ಅಂದುಕೊಳ್ಳಬಹುದು, ಆಗ ಯಾರದೋ ತಪ್ಪಿಗೆ ಯಾರಿಗೋ ಬಾಗಿಲು ಹಾಕಿದಂತೆ. ಮೂರು ಚುಕ್ಕಿ ಇದ್ದರೆ ಮಾತ್ರ ಹುಡುಕು ಅಂತ ಕ್ವೆರಿಯಲ್ಲೇ ಬರೆಯಿರಿ. ಎರಡು ರೇಂಜ್ ಒಂದರ ಮೇಲೊಂದು ಬಿದ್ದರೆ ಚಿಕ್ಕದನ್ನು ಮೊದಲು ಬರಿಸಿ, ಒಂದೇ ಸಾಲು ಬರಲಿ ಅಂತ ಲಿಮಿಟ್ 1 ಹಾಕಿ. ಪ್ರಾಕ್ಸಿಮ್ಯಾಪ್ (ಪೋಸ್ಟ್‌ಫಿಕ್ಸ್‌ನದೇ ಮಧ್ಯವರ್ತಿ) ಮೂಲಕ ಕೇಳಿಸಿ, ಡೇಟಾಬೇಸ್‌ಗೆ ಕನೆಕ್ಷನ್ ಕಡಿಮೆ ಸಾಕಾಗುತ್ತೆ. ಪೋಸ್ಟ್‌ಮ್ಯಾಪ್ ಕಮಾಂಡ್‌ಗೆ ಕ್ಯೂ ಆಪ್ಷನ್ (-q) ಕೊಟ್ಟು ಪರೀಕ್ಷೆ ಮಾಡದೆ ಲೈವ್ ಮಾಡಬೇಡಿ. ಡೇಟಾಬೇಸ್ ಬಿದ್ದರೆ ಬರೋ ಇಮೇಲೆಲ್ಲಾ 451 (ಈಗ ಆಗಲ್ಲ, ಆಮೇಲೆ ಬನ್ನಿ ಅನ್ನೋ ಕೋಡ್) ತಿಂದು ಹೊರಗೇ ಕಾಯುತ್ತೆ. ನಾನಂತೂ ಅದಕ್ಕೇ ಸಿಐಡಿಆರ್ ಫೈಲ್ ಬಿಟ್ಟು ಸುಲಭಕ್ಕೆ ಕದಲಲ್ಲ.

ಪ್ರಶ್ನೆ: ಜೀಮೇಲ್‌ನಿಂದ ಸ್ಪ್ಯಾಮ್ ಬರುತ್ತೆ, ಅದರ ರೇಂಜ್ ಬ್ಲಾಕ್ ಮಾಡಲಾ?

ಮಾಡಿ, ನಿಮ್ಮ ಗಿರಾಕಿಗಳ ಆರ್ಡರೂ ಅದರ ಜೊತೆ ಹೋಗುತ್ತೆ.

ಪ್ರಶ್ನೆ: ಪೆನ್‌ಡ್ರೈವ್‌ನಲ್ಲಿ ಲಕ್ಷಗಟ್ಟಲೆ ಕೆಟ್ಟ ಐಪಿಗಳ ಪಟ್ಟಿ ಮಾರುತ್ತಾರೆ, ತಗೊಳ್ಳಲಾ?

ಐಪಿಗಳು ಕೈ ಬದಲಾಗುತ್ತಲೇ ಇರುತ್ತವೆ, ಆ ಪಟ್ಟಿ ನಿಮ್ಮ ಕೈಗೆ ಬರೋ ಹೊತ್ತಿಗೇ ಹಳಸಿರುತ್ತೆ. ದುಡ್ಡು ಕೊಡಬೇಡಿ.